ನಿಮಗಿದು ಗೊತ್ತೆ? ಚದುರಂಗದ ಮಣೆ ದೊಡ್ಡದಾದರೆ ಆನೆಯ ಎದುರು ಕುದುರೆಯ ಬಲ ಕುಗ್ಗುತ್ತದೆ!

ಬಸವಕಲ್ಯಾಣ ತಾಲ್ಲೂಕಿಗೂ ಚದುರಂಗಕ್ಕೂ ಹಳೆಯ ನಂಟಿದೆ. ಇಲ್ಲಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ (ಸುಮಾರು 1129) ಇಬ್ಬರ ಆಟದ ಜೊತೆಗೆ ನಾಲ್ವರು ಆಡುವ ಚದುರಂಗವನ್ನೂ ವಿವರಿಸುತ್ತದೆ. 19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 12×12 ಮಣೆಯ 144 ಮನೆಗಳಲ್ಲೂ ಕುದುರೆಯನ್ನು ಒಂದೊಂದೇ ಬಾರಿ ನಡೆಸಿ ಮಾಯಾಚೌಕ ರಚಿಸಿದರು. ಆದರೆ ಅಂಥ ಮಣೆಯಲ್ಲಿ ಆಟ ಆಡಬೇಕಾದರೆ ಮನೆಗಳನ್ನು ಹೆಚ್ಚಿಸಿದರೆ ಸಾಲದು; ಕಾಯಿಗಳ ಬಲವನ್ನೂ ಹೊಸದಾಗಿ ತೂಗಬೇಕು.

ಲೆಕ್ಕ ನೋಡಿ. ಖಾಲಿ 8×8 ಮಣೆಯಲ್ಲಿ ಆನೆಗೆ ಎಲ್ಲಿ ನಿಂತರೂ 14 ನಡೆ, ಕುದುರೆಗೆ ಸರಾಸರಿ 5.25. ಮಣೆ 12×12 ಆದಾಗ ಆನೆಯ ನಡೆ 22ಕ್ಕೇರುತ್ತದೆ, ಕುದುರೆಯದು 6.1ರಲ್ಲೇ ನಿಲ್ಲುತ್ತದೆ. ಆಟದ ಆರಂಭದಲ್ಲಿ ಮಣೆ ಖಾಲಿ ಇರುವುದಿಲ್ಲ, ಆನೆ ಕಟ್ಟುಬಿದ್ದಿರುತ್ತದೆ ಎಂಬ ಆಕ್ಷೇಪ ನ್ಯಾಯವೇ. ಆದರೆ ಕಾಯಿಗಳು ಕಡಿಮೆಯಾದಂತೆ ದಾರಿ ತೆರೆಯುತ್ತದೆ. ಆಗ ಆನೆ ಒಂದೇ ನಡೆಯಲ್ಲಿ ದಾಟುವ 12 ಸಾಲಿನ ಮಣೆಯನ್ನು ದಾಟಲು ಕುದುರೆಗೆ ಕನಿಷ್ಠ ಆರು ನೆಗೆತ ಬೇಕು. ಕುದುರೆಯ ನಡೆಯನ್ನು ಬೇರೆ ಕಾಯಿಯ ನಡೆಯೊಂದಿಗೆ ಬೆಸೆಯುವುದು ಒಂದು ದಾರಿ: ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 1920ರ ದಶಕದಲ್ಲಿ ಸೂಚಿಸಿದ 10×8 ಮಣೆಯ ಎರಡು ಹೊಸ ಕಾಯಿಗಳಲ್ಲಿ ಒಂದು ಆನೆ–ಕುದುರೆಯ, ಇನ್ನೊಂದು ಒಂಟೆ–ಕುದುರೆಯ ನಡೆಗಳನ್ನು ಕೂಡಿಸಿಕೊಂಡಿತ್ತು. ಹೊಸ ಕಾಯಿ ಸೇರಿಸಿದರೆ ಆಟ ಕ್ಲಿಷ್ಟವಾಗುತ್ತದೆ ಎನ್ನುವವರಿಗೆ ಇದೇ ಉತ್ತರ: ಪರಿಚಿತ ನಡೆಗಳನ್ನೇ ಬೆಸೆದರೆ ಕಲಿಯುವುದು ಸುಲಭ. ಕೊನೆಗೆ ಕಾಯಿಗಳ ಆರಂಭಿಕ ಜೋಡಣೆಯ ಪರೀಕ್ಷೆ: ಮೊದಲ ನಡೆಗೂ ಮುನ್ನ ಪ್ರತಿ ಕಾಲಾಳಿಗೂ ಹಿಂದಿನ ಸಾಲಿನ ಕಾವಲು ಇರಬೇಕು. ದೊಡ್ಡ ಮಣೆ ರಚಿಸುವ ಉತ್ಸಾಹಿಗಳು ಮೊದಲು ಕಾಯಿಗಳ ಬಲ, ಜೋಡಣೆ ಈ ಎರಡನ್ನು ಪರೀಕ್ಷಿಸಲಿ.