ಬ್ಯಾಂಡಿನ ಅಬ್ಬರ, ಕಿವಿಯ ಗುಂಯ್‌ಗುಡಿತ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಎರಡು ಬಗೆಯ ಸಡಗರ. ಹಿರಿಯರಿಗೆ ಅರಮನೆಯ ಮುಂದೆ ಯಾರ ಕಚೇರಿ ಎಂಬ ಕುತೂಹಲವಾದರೆ, ಮಕ್ಕಳಿಗೆ ಯುವ ದಸರಾಕ್ಕೆ ಯಾವ ತಂಡ ಬರುತ್ತದೆಂಬ ಕಾತರ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಯುವ ದಸರಾ 2024ರಲ್ಲಿ ಉತ್ತನಹಳ್ಳಿಯ ಬಯಲಿಗೆ ಹೋಯಿತು. ಬಯಲು ದೊಡ್ಡದಾದಷ್ಟೂ ಸ್ಪೀಕರುಗಳ ಸಾಲೂ ದೊಡ್ಡದಾಗುತ್ತದೆ.

ರಾಕ್ ಸಂಗೀತವೆಂದರೆ ಪರದೇಶದ ಗದ್ದಲವೆಂದು ಮೂಗು ಮುರಿಯುವ ಕಾಲ ಹೋಯಿತು. ಮೈಸೂರಿನಲ್ಲೇ ಓದಿದ ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಸ್ ಜೊತೆಗೆ ದೇಶವಿದೇಶಗಳಲ್ಲಿ ಹಾಡಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ಸಾವಿರಾರು ಜನ ನೆರೆದಿದ್ದರು. ಆದ್ದರಿಂದ ಸಂಗೀತ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅದನ್ನು ಕೇಳಿ ಬಂದ ಕಿವಿಯ ಗತಿ ಏನು ಎಂಬುದಷ್ಟೇ ಪ್ರಶ್ನೆ.

ಇಂಥ ಕಾರ್ಯಕ್ರಮಗಳ ಮರುದಿನ ಗೋಕುಲಂನ ನನ್ನ ಕ್ಲಿನಿಕ್ಕಿಗೆ ಬರುವ ಯುವಕರ ದೂರು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಕಿವಿಯಲ್ಲಿ ಗುಂಯ್ ಅಂತಿದೆ, ಹತ್ತಿ ಇಟ್ಟ ಹಾಗಿದೆ." ಜೊತೆಗೆ ಬಂದ ತಾಯಿ, "ಗುಗ್ಗೆ ಕಟ್ಟಿರಬೇಕು, ತೆಗೆದುಬಿಡಿ ಸಾರ್" ಎನ್ನುತ್ತಾರೆ. ಬೆಳಕು ಬಿಟ್ಟು ನೋಡಿದರೆ ಗುಗ್ಗೆಯೂ ಇಲ್ಲ, ಕಿವಿಯ ತಮಟೆಯಲ್ಲಿ ತೂತೂ ಇಲ್ಲ. ಪೆಟ್ಟು ಬಿದ್ದಿರುವುದು ಇನ್ನೂ ಒಳಗೆ.

ಒಳಗೆ ಆಗುವುದೇನು?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗವಿದೆ. ಬಟಾಣಿ ಕಾಳಿನಷ್ಟು ಗಾತ್ರದ ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆ ಬಂದಾಗ ಇವುಗಳ ತುದಿಯ ಎಳೆಗಳು ಗಾಳಿಗೆ ರಾಗಿ ಪೈರು ಬಾಗುವಂತೆ ಬಾಗಿ, ನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಬ್ಬರ ಅತಿಯಾದರೆ ಪೈರು ಮಲಗಿಬಿಡುತ್ತದೆ. ವಿಶ್ರಾಂತಿ ಸಿಕ್ಕರೆ ಹಲವು ಕೋಶಗಳು ಚೇತರಿಸಿಕೊಳ್ಳುತ್ತವೆ. ಪೂರ್ತಿ ಸತ್ತವು ಮತ್ತೆ ಹುಟ್ಟುವುದಿಲ್ಲ. ಕೋಳಿಮರಿಯ ಕಿವಿಯಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

"ಎರಡು ದಿನದಲ್ಲಿ ಸರಿಹೋಯಿತಲ್ಲ" ಎಂದು ಸಮಾಧಾನಪಡುವವರು ಒಂದು ಮಾತು ಗಮನಿಸಬೇಕು. 2009ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ, ಶ್ರವಣ ಮೊದಲಿನಂತಾದ ಮೇಲೂ ರೋಮಕೋಶ ಮತ್ತು ನರದ ನಡುವಿನ ಅನೇಕ ಕೊಂಡಿಗಳು ಶಾಶ್ವತವಾಗಿ ಕಳಚಿದ್ದು ಕಂಡುಬಂತು. ಮನುಷ್ಯರಲ್ಲಿಯೂ ಹೀಗಾಗಬಹುದೆಂಬ ಶಂಕೆಯಿದೆ. ಮರುದಿನದ ಗುಂಯ್‌ಗುಡಿತ ಹಾಡಿನ ಗುಂಗಲ್ಲ, ಕಿವಿ ಕೊಟ್ಟ ಎಚ್ಚರಿಕೆ.

ಡೆಸಿಬೆಲ್ ಲೆಕ್ಕ

ಶಬ್ದವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಮನೆಯ ಮಾತುಕತೆ ಸುಮಾರು 60. ಈ ಅಳತೆಯ ಗುಟ್ಟೇನೆಂದರೆ, 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಕಿವಿ ತಡೆಯಬಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಕಾರ ಕಾರ್ಮಿಕನೊಬ್ಬ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 94 ಆದರೆ 1 ಗಂಟೆ. 100 ಆದರೆ ಕೇವಲ 15 ನಿಮಿಷ.

ರಾಕ್ ಕಾರ್ಯಕ್ರಮದಲ್ಲಿ ವೇದಿಕೆಯ ಸಮೀಪ 100 ಡೆಸಿಬೆಲ್ ಸಾಮಾನ್ಯ. ಅಲ್ಲಿ ಎರಡೂವರೆ ಗಂಟೆ ನಿಂತರೆ ಹತ್ತು ದಿನದ ಪಾಲನ್ನು ಒಂದೇ ಸಂಜೆ ಉಂಡಂತಾಯಿತು! ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗಾಗಿಯೇ ಮಾನದಂಡ ಪ್ರಕಟಿಸಿತು: 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದು, ಕಿವಿಗೆ ಇಡುವ ಬೆಣೆ ಸಿಗಬೇಕು, ವಿಶ್ರಾಂತಿಗೆ ನಿಶ್ಶಬ್ದ ಜಾಗವಿರಬೇಕು.

ನುಡಿಸುವವರ ಪಾಡು

ಕೇಳುಗರಿಗೆ ಇದು ಒಂದು ಸಂಜೆಯ ಮಾತು. ಊರೂರು ತಿರುಗುವ ತಂಡಕ್ಕೆ ರಾತ್ರಿಯಿಂದ ರಾತ್ರಿಗೆ ಅದೇ ಪೆಟ್ಟು. ಮೆಟಾಲಿಕಾದ ಡ್ರಮ್ಸ್ ವಾದಕ ಲಾರ್ಸ್ ಉಲ್ರಿಚ್ ತಮ್ಮ ಕಿವಿಮೊರೆತದ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಎಸಿ/ಡಿಸಿ ತಂಡದ ಗಾಯಕ ಬ್ರಿಯಾನ್ ಜಾನ್ಸನ್ 2016ರಲ್ಲಿ, ಪೂರ್ಣ ಕಿವುಡಾಗುವ ಅಪಾಯವಿದೆಯೆಂದು ವೈದ್ಯರು ಹೇಳಿದ್ದರಿಂದ, ಪ್ರವಾಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಇಂದು ಅನೇಕ ಗಾಯಕರು ವೇದಿಕೆಯಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಸಾಧನ ಬರೀ ಶೋಕಿಯಲ್ಲ. ಹೊರಗಿನ ಅಬ್ಬರವನ್ನು ತಡೆದು, ತಮ್ಮ ದನಿಯನ್ನು ಮೆಲ್ಲಗೆ ಕೇಳಿಸಿಕೊಳ್ಳುವ ಉಪಾಯ ಅದು. ವೇದಿಕೆಯ ಮೇಲಿರುವವರು ಕಿವಿ ಮುಚ್ಚಿಕೊಂಡಿರುವಾಗ ಕೆಳಗಿರುವ ನಮಗೇಕೆ ನಾಚಿಕೆ?

ನೀವು ಮಾಡಬೇಕಾದ್ದು

* ಸ್ಪೀಕರುಗಳ ಎದುರಿಗೆ ನಿಲ್ಲಬೇಡಿ. ದೂರ ಹೆಚ್ಚಿದಷ್ಟೂ ಪೆಟ್ಟು ಕಡಿಮೆ.

* ಸ್ಪಂಜಿನಂಥ ಮೆತ್ತನೆಯ ಇಯರ್‌ಪ್ಲಗ್ ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆರಳುಗಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ. ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಿರಿ. ಹಾಡು ಆಗಲೂ ಕೇಳಿಸುತ್ತದೆ. ಬರೀ ಹತ್ತಿ ಸಾಲದು.

* ಆಗಾಗ ಹತ್ತು ನಿಮಿಷ ಗದ್ದಲದಿಂದ ಹೊರಗೆ ಬನ್ನಿ. ಮನೆಗೆ ಮರಳುವಾಗ ಮತ್ತೆ ಇಯರ್‌ಫೋನ್ ಬೇಡ. ಮರುದಿನವೂ ಕಿವಿಗೆ ವಿರಾಮ ಕೊಡಿ.

* ಎಳೆಯ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಂಥ ಕಡೆ ಒಯ್ಯಬೇಡಿ. ಕರೆದೊಯ್ಯಲೇಬೇಕಾದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ, ಹಿಂದೆ ಕುಳಿತು, ಬೇಗ ಹೊರಡಿ.

* ಗುಂಯ್‌ಗುಟ್ಟಿತೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಿ ಕೆದಕಬೇಡಿ. ತೊಂದರೆ ಇರುವ ಜಾಗಕ್ಕೆ ಎಣ್ಣೆ ತಲುಪುವುದೇ ಇಲ್ಲ.

ಯಾವಾಗ ತಡಮಾಡಬಾರದು?

ಗುಂಯ್‌ಗುಡಿತ ಎರಡು ದಿನ ಕಳೆದರೂ ನಿಲ್ಲದಿದ್ದರೆ ಕಿವಿ ತಜ್ಞರನ್ನು ಕಾಣಬೇಕು. ಒಂದು ಕಿವಿ ಥಟ್ಟನೆ ಮಂದವಾದರೆ, ತಲೆ ಸುತ್ತಿದರೆ, ಕಿವಿಯಿಂದ ರಕ್ತ ಬಂದರೆ ಅಂದೇ ಹೋಗಿ. ಹಠಾತ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲಿ ಆರಂಭವಾದರಷ್ಟೇ ಹೆಚ್ಚು ಫಲಕಾರಿ. ವಾರಗಟ್ಟಲೆ ಕಾದು ಬಂದವರಿಗೆ ಅದರ ಲಾಭ ಕಡಿಮೆ. ಶ್ರವಣ ಪರೀಕ್ಷೆಗೆ ಮೈಸೂರಿನವರು ದೂರ ಹೋಗಬೇಕಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಬ್ಯಾಂಡಿನಲ್ಲಿ ನುಡಿಸುವ ಮಗನೋ ಮಗಳೋ ಮನೆಯಲ್ಲಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ತಂದೆತಾಯಿಯರಿಗೆ ಕೊನೆಯದಾಗಿ ಒಂದು ಮಾತು. "ಆ ಗಲಾಟೆಗೆ ಹೋಗಬೇಡ" ಎಂದು ಗದರಿದರೆ ಮಕ್ಕಳು ಹೇಳದೆ ಹೋಗುತ್ತಾರೆ. ಕಿವಿ ನೊಂದರೂ ಹೇಳದೆ ಸುಮ್ಮನಿರುತ್ತಾರೆ. ಅದರ ಬದಲು ಟಿಕೆಟ್ಟಿನ ಜೊತೆಗೆ ಒಂದು ಜೊತೆ ಇಯರ್‌ಪ್ಲಗ್ಗನ್ನೂ ಜೇಬಿಗೆ ಹಾಕಿ ಕಳಿಸಿ. ಇಪ್ಪತ್ತರಲ್ಲಿ ಕಾಪಾಡಿಕೊಂಡ ಕಿವಿಗೆ ಅರವತ್ತರಲ್ಲೂ ಮೊಮ್ಮಗುವಿನ ತೊದಲು ನುಡಿ ಸ್ಪಷ್ಟವಾಗಿ ಕೇಳಿಸಬೇಕಲ್ಲವೆ?