ಇಂದೋರ್ ಮಹಾನಗರ ಪಾಲಿಕೆಯ ಘನತ್ಯಾಜ್ಯ ನಿರ್ವಹಣೆ

ಇಂದೋರ್ ಮಹಾನಗರ ಪಾಲಿಕೆಯ ಘನತ್ಯಾಜ್ಯ ನಿರ್ವಹಣೆಯು ಮಧ್ಯಪ್ರದೇಶದ ಅತಿ ದೊಡ್ಡ ನಗರವಾದ ಇಂದೋರಿನಲ್ಲಿ ಕಸವನ್ನು ಸಂಗ್ರಹಿಸಿ, ವಿಂಗಡಿಸಿ, ಸಂಸ್ಕರಿಸುವ ಪೌರ ವ್ಯವಸ್ಥೆಯಾಗಿದೆ. 2016ರಿಂದೀಚೆಗೆ ಪಾಲಿಕೆಯು ಕಾರ್ಯವಿಧಾನವನ್ನು ಬಿಗಿಗೊಳಿಸಿ ವೆಚ್ಚವನ್ನು ತಗ್ಗಿಸಿದೆ ಮತ್ತು ಕಸದಿಂದಲೇ ವರಮಾನ ಪಡೆಯುವ ಮಾರ್ಗಗಳನ್ನು ರೂಪಿಸಿದೆ. ಈ ಕಾರಣದಿಂದ ಸ್ಥಳೀಯ ಸಂಸ್ಥೆಗಳ ಪರಿಸರ ವಿಭಾಗಗಳ ದಕ್ಷತೆ ಮತ್ತು ಹಣಕಾಸಿನ ಕುರಿತ ಚರ್ಚೆಗಳಲ್ಲಿ ಇಂದೋರ್ ಅನ್ನು ಉದಾಹರಿಸಲಾಗುತ್ತದೆ.

ಹಿನ್ನೆಲೆ

1992ರ ಸಂವಿಧಾನದ 74ನೆಯ ತಿದ್ದುಪಡಿಯು 12ನೆಯ ಅನುಸೂಚಿಯನ್ನು ಸೇರಿಸಿತು. ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳು ಅದರಲ್ಲಿವೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ ಹಾಗೂ ಪರಿಸರ ಸಂರಕ್ಷಣೆ ಅವುಗಳಲ್ಲಿ ಸೇರಿವೆ. ಆದರೆ ಈ ಹೊಣೆಗೆ ತಕ್ಕ ವರಮಾನದ ಮೂಲಗಳು ಬಹುತೇಕ ಪಾಲಿಕೆಗಳಿಗಿಲ್ಲ. ಅವು ಆಸ್ತಿ ತೆರಿಗೆಯನ್ನೂ ಸರ್ಕಾರದ ಅನುದಾನವನ್ನೂ ಅವಲಂಬಿಸಿರುತ್ತವೆ. ಕಸಕ್ಕೆಂದು ಮೀಸಲಿಟ್ಟ ಹಣದಲ್ಲಿ ಹೆಚ್ಚಿನ ಭಾಗವು ಗುಡಿಸುವಿಕೆ, ಸಂಗ್ರಹಣೆ ಮತ್ತು ಸಾಗಣೆಗೇ ವ್ಯಯವಾಗಿ, ಸಂಸ್ಕರಣೆಗೆ ಅಲ್ಪ ಮೊತ್ತ ಮಾತ್ರ ಉಳಿಯುತ್ತದೆ.

ಇಂದೋರಿನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಬೀದಿಯ ತೊಟ್ಟಿಗಳಲ್ಲಿ ಸೇರುತ್ತಿದ್ದ ಮಿಶ್ರ ಕಸವನ್ನು ನಗರದ ಹೊರವಲಯದ ದೇವಗುರಾಡಿಯಾ ಎಂಬಲ್ಲಿ ಸುರಿಯಲಾಗುತ್ತಿತ್ತು. 2016ರಲ್ಲಿ 73 ನಗರಗಳಲ್ಲಿ ನಡೆದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಪ್ರಥಮ ಸ್ಥಾನ ಪಡೆದಾಗ ಇಂದೋರ್ 25ನೆಯ ಸ್ಥಾನದಲ್ಲಿತ್ತು.

ಸಂಗ್ರಹಣೆಯ ಸುಧಾರಣೆ

ಮಾಲಿನಿ ಗೌಡ್ ಮೇಯರ್ ಹಾಗೂ ಮನೀಷ್ ಸಿಂಗ್ ಆಯುಕ್ತರಾಗಿದ್ದ ಅವಧಿಯಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವ ಪದ್ಧತಿಯನ್ನು ಮೊದಲು ಎರಡು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಅನಂತರ ಎಲ್ಲ 85 ವಾರ್ಡುಗಳಿಗೆ ವಿಸ್ತರಿಸಲಾಯಿತು. ಬೀದಿಯ ತೊಟ್ಟಿಗಳನ್ನು ತೆಗೆದುಹಾಕಲಾಯಿತು. ವಾಹನಗಳಿಗೆ ಜಿಪಿಎಸ್ ಅಳವಡಿಸಿ ಅವುಗಳ ಮಾರ್ಗ ಮತ್ತು ಸಮಯವನ್ನು ನಿಗಾದಲ್ಲಿರಿಸಲಾಯಿತು. ಪೌರಕಾರ್ಮಿಕರ ಹಾಜರಾತಿಗೆ ಬಯೋಮೆಟ್ರಿಕ್ ವ್ಯವಸ್ಥೆ ಜಾರಿಗೆ ಬಂದಿತು. ಸಣ್ಣ ವಾಹನಗಳು ತಂದ ಕಸವನ್ನು ವರ್ಗಾವಣೆ ಕೇಂದ್ರಗಳಲ್ಲಿ ಒತ್ತಿ, ದೊಡ್ಡ ವಾಹನಗಳಿಗೆ ತುಂಬಿ ಸಾಗಿಸುವುದರಿಂದ ದೂರದ ಓಡಾಟಗಳ ಸಂಖ್ಯೆ ತಗ್ಗುತ್ತದೆ.

ವಿಂಗಡಣೆಯು ಮನೆಯಲ್ಲಿಯೇ ನಡೆಯುತ್ತದೆ. ಆರಂಭದಲ್ಲಿ ಹಸಿ ಮತ್ತು ಒಣ ಕಸ ಎಂಬ ಎರಡು ವಿಭಾಗಗಳಿದ್ದವು. ಈಗ ಹಸಿ, ಒಣ, ಪ್ಲಾಸ್ಟಿಕ್, ಇ-ತ್ಯಾಜ್ಯ, ನೈರ್ಮಲ್ಯ ತ್ಯಾಜ್ಯ ಮತ್ತು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ ಎಂಬ ಆರು ವಿಭಾಗಗಳಲ್ಲಿ ಕಸವನ್ನು ಪಡೆಯಲಾಗುತ್ತದೆ. ಹಣಕಾಸಿನ ದೃಷ್ಟಿಯಿಂದ ಈ ಹಂತವು ನಿರ್ಣಾಯಕವಾದುದು. ಗಾಜು, ಪ್ಲಾಸ್ಟಿಕ್ ಬೆರೆತ ಹಸಿ ಕಸದಿಂದ ಒಳ್ಳೆಯ ಗೊಬ್ಬರವಾಗಲಿ ಅನಿಲವಾಗಲಿ ದೊರೆಯುವುದಿಲ್ಲ; ಹಸಿ ಕಸ ತಾಗಿದ ಕಾಗದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿರುವುದಿಲ್ಲ.

ಹಳೆಯ ಕಸದ ವಿಲೇವಾರಿ

ದೇವಗುರಾಡಿಯಾದಲ್ಲಿ ದಶಕಗಳಿಂದ ರಾಶಿಬಿದ್ದಿದ್ದ ಲಕ್ಷಾಂತರ ಟನ್ ಕಸವನ್ನು 2018ರಲ್ಲಿ ಬಯೋಮೈನಿಂಗ್ ವಿಧಾನದಿಂದ ತೆರವುಗೊಳಿಸಲಾಯಿತು. ಈ ವಿಧಾನದಲ್ಲಿ ರಾಶಿಯನ್ನು ಅಗೆದು, ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ, ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್, ಲೋಹ ಮೊದಲಾದವನ್ನು ಬೇರ್ಪಡಿಸುತ್ತಾರೆ. ಇಡೀ ಕೆಲಸವನ್ನು ಹೊರಗುತ್ತಿಗೆಗೆ ನೀಡಿದ್ದರೆ ಇದಕ್ಕೆ 60 ಕೋಟಿ ರೂಪಾಯಿಗೂ ಹೆಚ್ಚು ತಗಲುವ ಅಂದಾಜಿತ್ತು. ಆಯುಕ್ತರಾಗಿದ್ದ ಆಶೀಷ್ ಸಿಂಗ್ ಅವರ ಅವಧಿಯಲ್ಲಿ ಪಾಲಿಕೆಯು ಯಂತ್ರಗಳನ್ನು ಬಾಡಿಗೆಗೆ ಪಡೆದು, ತಾನೇ ಕೆಲಸ ನಡೆಸಿ, 10 ಕೋಟಿ ರೂಪಾಯಿಯೊಳಗೆ ಪೂರ್ಣಗೊಳಿಸಿತು. ಸುಮಾರು 100 ಎಕರೆ ಭೂಮಿ ಮರಳಿ ಬಳಕೆಗೆ ದೊರೆಯಿತು.

ಆದಾಯದ ಮೂಲಗಳು

ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016, ಸ್ಥಳೀಯ ಸಂಸ್ಥೆಗಳು ಬಳಕೆದಾರರ ಶುಲ್ಕ ವಿಧಿಸಲು ಅವಕಾಶ ನೀಡಿದವು. ಇಂದೋರಿನಲ್ಲಿ ಮನೆಗಳು ಮತ್ತು ವಾಣಿಜ್ಯ ಸಂಸ್ಥೆಗಳಿಂದ ಈ ಶುಲ್ಕವನ್ನು ಸಂಗ್ರಹಿಸಲಾಗುತ್ತದೆ. ಕಂಡಲ್ಲಿ ಕಸ ಎಸೆಯುವವರಿಗೆ ಸ್ಥಳದಲ್ಲೇ ದಂಡ ವಿಧಿಸಲಾಗುತ್ತದೆ.

2022ರ ಫೆಬ್ರವರಿ 19ರಂದು ಉದ್ಘಾಟನೆಗೊಂಡ ಬಯೋ-ಸಿಎನ್‌ಜಿ ಘಟಕವು ದಿನಕ್ಕೆ 550 ಟನ್ ಹಸಿ ಕಸವನ್ನು ಸಂಸ್ಕರಿಸುವ ಸಾಮರ್ಥ್ಯ ಹೊಂದಿದೆ. ಅದರಿಂದ ದಿನಕ್ಕೆ ಸುಮಾರು 17,000 ಕಿಲೋಗ್ರಾಂ ಅನಿಲ ಮತ್ತು 100 ಟನ್ ಗೊಬ್ಬರದ ಉತ್ಪಾದನೆಯನ್ನು ನಿರೀಕ್ಷಿಸಲಾಗಿತ್ತು. ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಈ ಯೋಜನೆಯ 150 ಕೋಟಿ ರೂಪಾಯಿ ಬಂಡವಾಳವನ್ನು ಪೂರ್ಣವಾಗಿ ಖಾಸಗಿ ಪಾಲುದಾರ ಸಂಸ್ಥೆ ಹೂಡಿದೆ. ಒಪ್ಪಂದದ ಪ್ರಕಾರ ಪಾಲಿಕೆಗೆ ವರ್ಷಕ್ಕೆ 2.5 ಕೋಟಿ ರೂಪಾಯಿ ಸಲ್ಲಬೇಕು. ಉತ್ಪನ್ನವಾದ ಅನಿಲದ ಕನಿಷ್ಠ ಅರ್ಧದಷ್ಟನ್ನು ಪಾಲಿಕೆ ಖರೀದಿಸಿ ನಗರ ಸಾರಿಗೆ ಬಸ್ಸುಗಳಿಗೆ ಬಳಸಬೇಕು.

ಹಸಿರು ಬಾಂಡ್

ಭಾರತದಲ್ಲಿ ಪಾಲಿಕೆಯೊಂದು ಬಾಂಡ್ ಹೊರಡಿಸಿದ್ದು ಮೊದಲಿಗೆ ಬೆಂಗಳೂರಿನಲ್ಲಿ. 1997ರಲ್ಲಿ ಅದು ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿ ಸಂಗ್ರಹಿಸಿತು. ಇಂದೋರ್ ಪಾಲಿಕೆಯು 2018ರಲ್ಲಿ ಸುಮಾರು 140 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. 2023ರ ಫೆಬ್ರವರಿಯಲ್ಲಿ 244 ಕೋಟಿ ರೂಪಾಯಿಯ ಹಸಿರು ಬಾಂಡ್‌ಗಳನ್ನು ಸಾಮಾನ್ಯ ಹೂಡಿಕೆದಾರರಿಗೂ ಮುಕ್ತಗೊಳಿಸಿತು. ಇವುಗಳ ಬಡ್ಡಿದರ ವಾರ್ಷಿಕ ಶೇ. 8.25. ಈ ಹಣವನ್ನು ಖರ್ಗೋನ್ ಜಿಲ್ಲೆಯ ಜಲೂದ್‌ನಲ್ಲಿ 60 ಮೆಗಾವಾಟ್ ಸೌರವಿದ್ಯುತ್ ಸ್ಥಾವರಕ್ಕೆ ಮೀಸಲಿಡಲಾಯಿತು. ನರ್ಮದಾ ನೀರನ್ನು ನಗರಕ್ಕೆ ಎತ್ತಿ ತರಲು ತಗಲುವ ಭಾರಿ ವಿದ್ಯುತ್ ವೆಚ್ಚವನ್ನು ಇಳಿಸುವುದು ಯೋಜನೆಯ ಉದ್ದೇಶ.

ಫಲಿತಾಂಶ ಮತ್ತು ಮಿತಿಗಳು

2017ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 434 ನಗರಗಳ ಪೈಕಿ ಇಂದೋರ್ ಮೊದಲ ಸ್ಥಾನ ಪಡೆಯಿತು. ಮುಂದಿನ ವರ್ಷಗಳಲ್ಲೂ ಅದನ್ನು ಉಳಿಸಿಕೊಂಡು, 2023ರಲ್ಲಿ ಸೂರತ್‌ನೊಂದಿಗೆ ಹಂಚಿಕೊಂಡಿತು.

ಕಸದ ಮಾರಾಟ ಮತ್ತು ಒಪ್ಪಂದಗಳಿಂದ ಬರುವ ವರಮಾನವು ಸಂಗ್ರಹಣೆ ಹಾಗೂ ಸ್ವಚ್ಛತೆಯ ಪೂರ್ಣ ವೆಚ್ಚವನ್ನು ಭರಿಸುವಷ್ಟಿಲ್ಲ. ತೆರಿಗೆ, ಶುಲ್ಕ ಮತ್ತು ಅನುದಾನದ ಅಗತ್ಯ ಉಳಿದೇ ಇದೆ. ವಿಂಗಡಣೆ ಸಡಿಲಗೊಂಡರೆ ಸಂಸ್ಕರಣಾ ಘಟಕಗಳ ಉತ್ಪಾದನೆಯೂ ಅವುಗಳಿಂದ ಬರುವ ಆದಾಯವೂ ಒಟ್ಟಿಗೆ ಕುಸಿಯುತ್ತವೆ. ಕಸವನ್ನು ಮನೆಬಾಗಿಲಲ್ಲೇ ಪಡೆಯುವ ವ್ಯವಸ್ಥೆಯಲ್ಲಿ ಚಿಂದಿ ಆಯುವವರ ಜೀವನೋಪಾಯಕ್ಕೆ ಧಕ್ಕೆಯಾಗುವುದರಿಂದ, ಅವರನ್ನು ವಿಂಗಡಣಾ ಕೇಂದ್ರಗಳ ಕೆಲಸದಲ್ಲಿ ತೊಡಗಿಸಿಕೊಳ್ಳುವುದು ಇಂತಹ ಸುಧಾರಣೆಗಳ ಅನಿವಾರ್ಯ ಭಾಗವೆಂದು ಪರಿಗಣಿಸಲಾಗುತ್ತದೆ.