ಕಡಲ ದೈತ್ಯರನ್ನು ಕಾಣಹೊರಡುವ ಮುನ್ನ

ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕನ್ನೂ ಮಾಂಟಾ ಎಂಬ ದೈತ್ಯ ತೊರಕೆಯನ್ನೂ ನೀರಿನೊಳಗೆ ಕಾಣಬಯಸುವವರಿಗೆ ಮಾಲ್ಡೀವ್ಸ್ ನಮಗೆ ಸಮೀಪದ ತಾಣ. ಎರಡೂ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಸಾಧುಪ್ರಾಣಿಗಳು. ಹಡಗಿನಲ್ಲಿಯೇ ವಾರವಿಡೀ ವಾಸಿಸುತ್ತ, ದಿನಕ್ಕೆ ಎರಡು ಮೂರು ಬಾರಿ ಸಿಲಿಂಡರ್ ಹೊತ್ತು ಮುಳುಗುವ ಈ ಬಗೆಯ ಪ್ರವಾಸಕ್ಕೆ ಲಿವ್‌ಅಬೋರ್ಡ್ ಎಂದು ಹೆಸರು.

ಯಾವ ಪ್ರಾಣಿಯನ್ನು ನೋಡಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಬಳಿಕ ದಿನಾಂಕವನ್ನು ಗೊತ್ತುಪಡಿಸುವುದು ಲೇಸು. ದಕ್ಷಿಣ ಅರಿ ದ್ವೀಪಸ್ತೋಮದಲ್ಲಿ ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣಸಿಗುವುದುಂಟು. ಬಾ ಸ್ತೋಮದ ಹನಿಫಾರು ಕೊಲ್ಲಿಯಲ್ಲಿ ಮಾಂಟಾಗಳು ನೆರೆಯುವುದು ಮಾತ್ರ ಮೇ ತಿಂಗಳಿಂದ ನವೆಂಬರ್‌ವರೆಗಿನ ನೈಋತ್ಯ ಮಾರುತದ ಕಾಲದಲ್ಲಿ. ಅಲ್ಲಿ 2012ರಿಂದ ಸಿಲಿಂಡರ್ ಹೊತ್ತು ಮುಳುಗುವಂತಿಲ್ಲ. ಉಸಿರುನಳಿಕೆ ಧರಿಸಿ ಮೇಲ್ಮೈಯಲ್ಲಿ ಈಜಬೇಕು.

ಇನ್ನು ದೇಹದ ಮಾತು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಬಿರಡೆ ತೆಗೆದ ಸೋಡಾದಂತೆ, ಅದು ಗುಳ್ಳೆಯಾಗಿ ಹೊರಬಂದು ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯುವನ್ನೇ ತರಬಲ್ಲದು. ಆದುದರಿಂದಲೇ ನಿಧಾನವಾಗಿ ಏರಿ, 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗುವ ಪದ್ಧತಿ.

ಹಲವು ದಿನ ಮುಳುಗಿದವರ ದೇಹದಲ್ಲಿ ಸಾರಜನಕ ಶೇಖರವಾಗಿರುತ್ತದೆ. ವಿಮಾನದೊಳಗಿನ ಒತ್ತಡವೋ ನೆಲಮಟ್ಟದಲ್ಲಿರುವುದಕ್ಕಿಂತ ಕಡಿಮೆ. ಕೊನೆಯ ಮುಳುಗಿಗೂ ವಿಮಾನ ಏರುವುದಕ್ಕೂ ನಡುವೆ ಕನಿಷ್ಠ 18 ಗಂಟೆ ಇರಲೇಬೇಕು. 24 ಗಂಟೆಯಾದರೆ ಮತ್ತೂ ಕ್ಷೇಮ. ಮರುಪ್ರಯಾಣದ ಟಿಕೆಟನ್ನು ಈ ಲೆಕ್ಕವಿಟ್ಟೇ ಕೊಳ್ಳತಕ್ಕದ್ದು. ‘ಇನ್ನೊಮ್ಮೆ ಮುಳುಗಿಬಿಡೋಣ’ ಎಂಬ ಕೊನೆಯ ದಿನದ ಆಸೆಗೆ ಬಲಿಯಾಗಬಾರದು.

ಉಬ್ಬಸ, ಹೃದ್ರೋಗ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಾದರೂ ಇದ್ದರೆ, ಮುಂಗಡ ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣಬೇಕು. ಪ್ರವಾಸ ತಪ್ಪೀತೆಂದು ಆರೋಗ್ಯಪತ್ರದಲ್ಲಿ ಅದನ್ನು ಮರೆಮಾಚುವುದು ಪ್ರಾಣದೊಡನೆ ಆಡುವ ಜೂಜು. ಗರ್ಭಿಣಿಯರು ಮುಳುಗಕೂಡದು. ನೆಗಡಿಯಾದ ದಿನ ಹಡಗಿನಲ್ಲಿಯೇ ಉಳಿಯುವುದು ಕಿವಿದಮಟೆಗೆ ಕ್ಷೇಮ. ಕಡಲಬೇನೆಯ ಮಾತ್ರೆ ಮಂಪರು ತರುವುದುಂಟು. ವೈದ್ಯರನ್ನು ಕೇಳಿ, ಊರಿನಲ್ಲಿಯೇ ಒಮ್ಮೆ ಸೇವಿಸಿ ನೋಡಿರಿ.

ಮಾಲ್ಡೀವ್ಸ್‌ನ ಕಾಲುವೆಗಳಲ್ಲಿ ಸೆಳೆತ ಬಲವಾಗಿರುವುದರಿಂದ, ಹೊಸಬರು ಮುರ್ಡೇಶ್ವರದ ಬಳಿಯ ನೇತ್ರಾಣಿಯಂಥ ಕಡೆ ಮೊದಲು ತರಬೇತಿ ಪಡೆಯುವುದು ವಿವೇಕ.

ಮುಳುಗುವುದು ಬೇಡವೆಂದು ವೈದ್ಯರು ಹೇಳಿದರೂ ನಿರಾಶರಾಗಬೇಕಿಲ್ಲ. ತಿಮಿಂಗಿಲ ಶಾರ್ಕ್ ಆಗಾಗ ಮೇಲ್ಮೈಗೆ ಸಮೀಪದಲ್ಲಿಯೇ ಸಾಗುತ್ತದೆ. ಈಜಲು ವೈದ್ಯರ ಸಮ್ಮತಿಯಿದ್ದರೆ, ಮೇಲಿನಿಂದಲೇ ಆ ಚುಕ್ಕೆಬೆನ್ನಿನ ದೈತ್ಯನನ್ನು ಕಣ್ತುಂಬ ನೋಡಬಹುದು.